ಇಬ್ಬರದೂ ಒಂದೇ ಮಾತು, ಮತದಾರನ ಕೈಯಲ್ಲಿ ಒಂದೇ ಮತ

2025ರ ಜೂನ್‌ನಲ್ಲಿ ನ್ಯೂಯಾರ್ಕ್‌ನಿಂದ ಬಂದ ಸುದ್ದಿಯೊಂದು ಇಲ್ಲಿ ಕೂತು ಓದಿದವರಿಗೆ ಅರ್ಥವಾಗುವುದು ಕಷ್ಟವಿತ್ತು. ಮೇಯರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಬಯಸಿದ್ದ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ಮತದಾನಕ್ಕೆ ಕೆಲವೇ ದಿನ ಇರುವಾಗ ಒಬ್ಬರಿಗೊಬ್ಬರು ಬೆಂಬಲ ಸಾರಿದರು. ಹಾಗೆಂದು ಯಾರೂ ಕಣದಿಂದ ಹಿಂದೆ ಸರಿಯಲಿಲ್ಲ. ಅಲ್ಲಿ ಮತದಾರ ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯದ ಕ್ರಮ ಹಾಕಬಹುದು. ಮೊದಲ ಪ್ರಾಶಸ್ತ್ಯ ತನಗೆ ಕೊಡಿ, ಎರಡನೆಯದನ್ನು ಇವರಿಗೆ ಕೊಡಿ ಎಂದು ಇಬ್ಬರೂ ಕೇಳಿಕೊಂಡರು. ಮೊದಲ ಸುತ್ತಿನಲ್ಲಿ ಲ್ಯಾಂಡರ್ ಮೂರನೇ ಸ್ಥಾನಕ್ಕೆ ನಿಂತರು. ಕೆಳಗಿನ ಸ್ಥಾನದವರ ಮತಗಳು ಮುಂದಿನ ಪ್ರಾಶಸ್ತ್ಯದವರಿಗೆ ಹಂಚಿಕೆಯಾದ ಮೇಲೆ ಮಾಜಿ ಗವರ್ನರ್ ಆಂಡ್ರ್ಯೂ ಕ್ಯೂಮೊ ಅವರನ್ನು ಮಮ್ದಾನಿ ಸುಮಾರು ಶೇ 56 ಮತಗಳೊಂದಿಗೆ ಸೋಲಿಸಿದರು.

ಒಂದು ನಗರದಲ್ಲಿ ನಡೆದ ಈ ಹೊಂದಾಣಿಕೆ ಈಗ ದೊಡ್ಡ ಚರ್ಚೆಯನ್ನು ಎಬ್ಬಿಸಿದೆ. 2028ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಸ್ಪರ್ಧಿಸಲು ಸಂವಿಧಾನದ 22ನೇ ತಿದ್ದುಪಡಿ ಬಿಡುವುದಿಲ್ಲ. ಹಾಗಾಗಿ ಎರಡೂ ಪಕ್ಷಗಳಲ್ಲಿ ಕಣ ಖಾಲಿ ಇದೆ. ಡೆಮಾಕ್ರಟಿಕ್ ಪಕ್ಷದಲ್ಲಂತೂ ಕೇಳಿಬರುತ್ತಿರುವ ಹೆಸರುಗಳಲ್ಲಿ ಹಲವರು ಗವರ್ನರ್‌ಗಳು. ವಯಸ್ಸು, ನಿಲುವು, ಮಾತಿನ ಧಾಟಿ ಎಲ್ಲದರಲ್ಲೂ ಒಬ್ಬರಿಗೊಬ್ಬರು ಹತ್ತಿರದವರು. ಒಂದೇ ಥರದ ಇಬ್ಬರು ಎದುರಿಗೆ ನಿಂತಾಗ ಮತದಾರ ಯಾವುದನ್ನು ನೋಡಿ ಆರಿಸಬೇಕು? ಉತ್ತರ ಅಭ್ಯರ್ಥಿಗಳ ಗುಣದಲ್ಲಿರುವಷ್ಟೇ ಚುನಾವಣೆಯ ನಿಯಮಗಳಲ್ಲೂ ಇದೆ. ಆ ನಿಯಮಗಳ ಬಗ್ಗೆ ಚರ್ಚೆ ಕಡಿಮೆ ಎಂಬುದೇ ಬೇಸರದ ಸಂಗತಿ.

ಬಿ ಫಾರಂ ಕೊಡುವವರು ಮತದಾರರೇ

ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಸಿಗುತ್ತದೆ ಎಂಬುದು ನಾಮಪತ್ರ ಸಲ್ಲಿಸುವ ಕೊನೆಯ ದಿನದವರೆಗೂ ಗೊತ್ತಾಗದಿರಬಹುದು. ಅಮೆರಿಕದಲ್ಲಿ ಆ ಕೆಲಸ ಪಕ್ಷದ ಸಾಮಾನ್ಯ ಮತದಾರರದು. ಮೊದಲಿನಿಂದ ಹೀಗಿರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರು ಆರಿಸುವ ಒಳಚುನಾವಣೆಗೂ, ಇಳಿಯದೆ ಪಕ್ಷದ ಮುಖಂಡರ ಬಲದಿಂದ ಅಭ್ಯರ್ಥಿಯಾದರು. ಶಿಕಾಗೋ ಅಧಿವೇಶನದ ಒಳಗೂ ಹೊರಗೂ ಗಲಾಟೆಯಾಯಿತು. ಆ ಪೆಟ್ಟಿನ ನಂತರ ಡೆಮಾಕ್ರಟರು ನಿಯಮ ಬದಲಿಸಿದರು. 1972ರಿಂದ ಪ್ರೈಮರಿಗಳೇ ನಿರ್ಣಾಯಕವಾದವು.

ಪ್ರತಿ ರಾಜ್ಯಕ್ಕೂ ಇಂತಿಷ್ಟು ಡೆಲಿಗೇಟ್‌ಗಳು, ಅಂದರೆ ಪಕ್ಷದ ರಾಷ್ಟ್ರೀಯ ಅಧಿವೇಶನಕ್ಕೆ ಹೋಗುವ ಪ್ರತಿನಿಧಿಗಳು, ಇರುತ್ತಾರೆ. ಮತದಾರರ ಮತ ಈ ಪ್ರತಿನಿಧಿಗಳ ಸಂಖ್ಯೆಯಾಗಿ ಬದಲಾಗಬೇಕು. 2020ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಅಂಥ 3,979 ಪ್ರತಿನಿಧಿಗಳಿದ್ದರು, ಗೆಲ್ಲಲು 1,991 ಬೇಕಿತ್ತು. ಮತವನ್ನು ಪ್ರತಿನಿಧಿಯಾಗಿ ಬದಲಿಸುವ ಈ ಹಂತದಲ್ಲೇ ಒಂದೇ ಥರದ ಇಬ್ಬರು ಪರಸ್ಪರ ಪೆಟ್ಟು ಕೊಟ್ಟುಕೊಳ್ಳುವುದು.

ಶೇ 15ರ ಗೆರೆ

ಡೆಮಾಕ್ರಟಿಕ್ ಪಕ್ಷ ಪ್ರತಿನಿಧಿಗಳನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತದೆ. ಆದರೆ ಶೇ 15ಕ್ಕಿಂತ ಕಡಿಮೆ ಮತ ಪಡೆದವರಿಗೆ ಏನೂ ಇಲ್ಲ. ಈ ಗೆರೆ ಇಡೀ ರಾಜ್ಯದ ಲೆಕ್ಕಕ್ಕೂ ಅನ್ವಯಿಸುತ್ತದೆ, ರಾಜ್ಯದೊಳಗಿನ ಕ್ಷೇತ್ರಗಳ ಲೆಕ್ಕಕ್ಕೂ ಬೇರೆಯಾಗಿ ಅನ್ವಯಿಸುತ್ತದೆ.

2020ರ ಫೆಬ್ರುವರಿ 11ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯನ್ನೇ ನೋಡಿ. ಬರ್ನಿ ಸ್ಯಾಂಡರ್ಸ್‌ಗೆ ಶೇ 25.6, ಪೀಟ್ ಬುಟಿಜೆಜ್‌ಗೆ ಶೇ 24.3, ಏಮಿ ಕ್ಲೋಬುಶರ್‌ಗೆ ಶೇ 19.7. ಎಲಿಜಬೆತ್ ವಾರೆನ್‌ಗೆ ಶೇ 9.2, ಜೋ ಬೈಡನ್‌ಗೆ ಶೇ 8.4. ಅಲ್ಲಿದ್ದ 24 ಪ್ರತಿನಿಧಿಗಳು ಹಂಚಿಹೋದದ್ದು 9, 9, 6 ಎಂದು, ಮೊದಲ ಮೂವರಿಗೆ ಮಾತ್ರ. ವಾರೆನ್ ಮತ್ತು ಬೈಡನ್‌ಗೆ ಬಿದ್ದ 50 ಸಾವಿರಕ್ಕೂ ಹೆಚ್ಚು ಮತಗಳಿಗೆ ಒಬ್ಬ ಪ್ರತಿನಿಧಿಯೂ ಸಿಗಲಿಲ್ಲ. ವಾರೆನ್‌ಗೆ ಮತ ಹಾಕಿದವರ ವಿಚಾರಕ್ಕೆ ಹತ್ತಿರವಿದ್ದ ಸ್ಯಾಂಡರ್ಸ್‌ಗೂ ಆ ಮತಗಳಿಂದ ಪ್ರಯೋಜನವಾಗಲಿಲ್ಲ.

ರಿಪಬ್ಲಿಕನ್ ಪಕ್ಷದ ನಿಯಮ ಇನ್ನೂ ಕಟು. ಅಲ್ಲಿ ಹಲವು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಎಲ್ಲ, ಅಥವಾ ಬಹುಪಾಲು. 2016ರ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್ ಪಡೆದದ್ದು ಶೇ 32.5. ಮಾರ್ಕೊ ರೂಬಿಯೊ ಶೇ 22.5, ಟೆಡ್ ಕ್ರೂಜ್ ಶೇ 22.3. ರೂಬಿಯೊ ಮತ್ತು ಕ್ರೂಜ್ ಇಬ್ಬರೂ ಮೊದಲ ಅವಧಿಯ ಸೆನೆಟರ್‌ಗಳು, ಇಬ್ಬರದೂ ಕ್ಯೂಬಾ ಮೂಲದ ಕುಟುಂಬ, ಇಬ್ಬರೂ ಪಕ್ಷದ ಕಟ್ಟಾ ಸಂಪ್ರದಾಯವಾದಿಗಳ ನೆಚ್ಚಿನವರಾಗಿ ಮೇಲೆ ಬಂದವರು. ಇಬ್ಬರ ಮತ ಸೇರಿದರೆ ಸುಮಾರು ಶೇ 45. ಆ ರಾಜ್ಯದ 50 ಪ್ರತಿನಿಧಿಗಳಲ್ಲಿ ಐವತ್ತೂ ಟ್ರಂಪ್ ಪಾಲಾದರು. ಆ ವರ್ಷ ಟ್ರಂಪ್ ಯಾವುದೇ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದದ್ದು ಏಪ್ರಿಲ್ 19ರಂದು, ನ್ಯೂಯಾರ್ಕ್‌ನಲ್ಲಿ. ಅಷ್ಟರಲ್ಲಿ ರೂಬಿಯೊ ಮನೆಗೆ ಹೋಗಿ ಒಂದು ತಿಂಗಳಾಗಿತ್ತು. ಕ್ರೂಜ್ ಮತ್ತು ಕಣದಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ ಜಾನ್ ಕೇಸಿಕ್ ಒಬ್ಬರಿಗೊಬ್ಬರು ದಾರಿ ಬಿಡುವ ಒಪ್ಪಂದಕ್ಕೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಮೇ 3ರಂದು ಇಂಡಿಯಾನಾದಲ್ಲಿ ಸೋತ ಕ್ರೂಜ್ ಅಂದೇ ಹಿಂದೆ ಸರಿದರು.

ಸ್ಯಾಂಡರ್ಸ್, ವಾರೆನ್: ಊರು ಒಂದೇ, ದಾರಿ ಬೇರೆ

ಒಂದೇ ಥರದ ಅಭ್ಯರ್ಥಿಗಳು ಎಂದಾಗ ಅಮೆರಿಕದಲ್ಲಿ ಈಗಲೂ ಮೊದಲು ನೆನಪಾಗುವುದು 2020ರ ಈ ಜೋಡಿ. ಸ್ಯಾಂಡರ್ಸ್ ಮಂಡಿಸಿದ್ದ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆಯ ಮಸೂದೆಗೆ ವಾರೆನ್ ಸಹಿ ಹಾಕಿದ್ದರು. ಭಾರಿ ಶ್ರೀಮಂತರ ಆಸ್ತಿಯ ಮೇಲೆ ವರ್ಷವರ್ಷ ತೆರಿಗೆ ಹಾಕಬೇಕೆಂದು ಇಬ್ಬರೂ ಹೇಳಿದರು. ವಾರೆನ್ 5 ಕೋಟಿ ಡಾಲರ್ ದಾಟಿದ ಆಸ್ತಿಗೆ ಶೇ 2ರಿಂದ ಶುರು ಮಾಡಿದರೆ, ಸ್ಯಾಂಡರ್ಸ್ 3.2 ಕೋಟಿ ಡಾಲರ್ ದಾಟಿದವರಿಗೆ ಶೇ 1ರಿಂದ ಶುರು ಮಾಡಿ ಮೇಲೆ ಮೇಲೆ ಶೇ 8ರವರೆಗೆ ಏರಿಸಿದರು. ವಿದ್ಯಾರ್ಥಿಗಳ ಶಿಕ್ಷಣ ಸಾಲ ಮನ್ನಾ ಇಬ್ಬರ ಪಟ್ಟಿಯಲ್ಲೂ ಇತ್ತು. ವಾರೆನ್ 50 ಸಾವಿರ ಡಾಲರ್‌ವರೆಗೆ, ಆದಾಯದ ಮಿತಿಯೊಂದಿಗೆ. ಸ್ಯಾಂಡರ್ಸ್ ಪೂರ್ತಿ, ಎಲ್ಲರಿಗೂ.

ಮೇಲ್ನೋಟಕ್ಕೆ ಇವು ಅಂಕಿಗಳ ವ್ಯತ್ಯಾಸ. ನಿಜವಾದ ಅಂತರ ಇದ್ದದ್ದು ಇದನ್ನೆಲ್ಲ ಮಾಡಿ ತೋರಿಸುವ ಬಗೆಯಲ್ಲಿ. ಅಮೆರಿಕದ ಸೆನೆಟ್‌ನಲ್ಲಿ ಫಿಲಿಬಸ್ಟರ್ ಎಂಬ ಅಡ್ಡಗಾಲಿನ ನಿಯಮವಿದೆ. ನೂರು ಸದಸ್ಯರಲ್ಲಿ 60 ಮಂದಿ ಒಪ್ಪದೆ ಬಹುತೇಕ ಮಸೂದೆಗಳು ಮುಂದೆ ಹೋಗುವುದಿಲ್ಲ. ವಾರೆನ್ ಅದನ್ನು ಕಿತ್ತುಹಾಕಬೇಕು ಎಂದು 2019ರಲ್ಲೇ ಹೇಳಿದರು. ಸ್ಯಾಂಡರ್ಸ್ ಅದಕ್ಕೆ ಒಪ್ಪಲಿಲ್ಲ. ಬಜೆಟ್ ಮಸೂದೆಗಳಿಗೆ ಸರಳ ಬಹುಮತ ಸಾಕೆಂಬ ನಿಯಮವನ್ನು ಬಳಸಿಕೊಳ್ಳುತ್ತೇನೆ, ಉಳಿದದ್ದನ್ನು ಜನಚಳವಳಿಯ ಒತ್ತಡದಿಂದ ಸಾಧಿಸುತ್ತೇನೆ ಎಂಬುದು ಅವರ ನಿಲುವು. ಆರೋಗ್ಯ ವಿಮೆಯ ವಿಚಾರದಲ್ಲಿ ಇದು ತಿರುಗಾಮುರುಗಾ ಆಯಿತು. ಸ್ಯಾಂಡರ್ಸ್ ಮೊದಲ ವಾರವೇ ಪೂರ್ತಿ ಮಸೂದೆ ತರುತ್ತೇನೆ ಎಂದರು. ವಾರೆನ್ 2019ರ ನವೆಂಬರ್‌ನಲ್ಲಿ, ಮೊದಲು ಇಷ್ಟವಿದ್ದವರಿಗೆ ಸರ್ಕಾರಿ ವಿಮೆ, ಮೂರನೇ ವರ್ಷಕ್ಕೆ ಎಲ್ಲರಿಗೂ ಎಂದು ಎರಡು ಹಂತ ಮಾಡಿದರು.

ಇದು ಪ್ರಣಾಳಿಕೆಯ ಸಾಲುಗಳಿಗಿಂತ ಮುಖ್ಯವಾದ ವ್ಯತ್ಯಾಸ. ಗುರಿ ಒಂದೇ ಎಂದು ಒಪ್ಪಿಕೊಂಡರೂ, ಸೆನೆಟ್‌ನಲ್ಲಿ 60 ಮತ ಇಲ್ಲದ ದಿನ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಬೇರೆ ಬೇರೆ ಇತ್ತು. ಮತದಾರ ಆರಿಸಬೇಕಾಗಿದ್ದದ್ದು ಆ ಉತ್ತರಗಳ ನಡುವೆ. ಚರ್ಚೆ ಮಾತ್ರ ಬೇರೆ ಕಡೆ ಜಾರಿತು. ಮಹಿಳೆ ಅಧ್ಯಕ್ಷೆಯಾಗಲಾರಳು ಎಂದು ಸ್ಯಾಂಡರ್ಸ್ 2018ರ ಖಾಸಗಿ ಮಾತುಕತೆಯಲ್ಲಿ ಹೇಳಿದ್ದರು ಎಂದು ವಾರೆನ್, ಹೇಳಿಲ್ಲ ಎಂದು ಸ್ಯಾಂಡರ್ಸ್. 2020ರ ಜನವರಿಯ ಟಿ.ವಿ. ಚರ್ಚೆಯ ನಂತರ ವಾರಗಟ್ಟಲೆ ಸುದ್ದಿಯಾದದ್ದು ಇದೇ. ಕಾರ್ಯಕ್ರಮಗಳಲ್ಲಿ ಭೇದ ಕಡಿಮೆ ಇದ್ದಾಗ ಜಗಳ ವ್ಯಕ್ತಿಗಳ ನಂಬಿಕೆಗೆ ತಿರುಗುತ್ತದೆ, ಬೆಂಬಲಿಗರ ನಡುವಿನ ಕಹಿ ಹೆಚ್ಚುತ್ತದೆ. ಆಮೇಲೆ ಒಬ್ಬರು ಸೋತು ಇನ್ನೊಬ್ಬರಿಗೆ ಕೈಜೋಡಿಸಿ ಎಂದರೂ ಕೈ ಮುಂದೆ ಬರುವುದಿಲ್ಲ.

ಕೂಡಿಸಿದರೆ 48, ಆದರೆ ಕೂಡುವುದಿಲ್ಲ

ಮಾರ್ಚ್ 3ರಂದು ಹದಿನಾಲ್ಕು ರಾಜ್ಯಗಳು ಒಂದೇ ದಿನ ಮತ ಹಾಕಿದವು. ವಾರೆನ್ ಅವರ ಸ್ವಂತ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ ಬೈಡನ್ ಶೇ 33.4, ಸ್ಯಾಂಡರ್ಸ್ ಶೇ 26.6, ವಾರೆನ್ ಶೇ 21.4. ಎರಡು ಮತ್ತು ಮೂರನೆಯ ಸ್ಥಾನದವರನ್ನು ಕೂಡಿಸಿದರೆ 48. ಮಿನೆಸೋಟದಲ್ಲೂ ಇದೇ ಕಥೆ: ಬೈಡನ್ ಸುಮಾರು ಶೇ 39, ಸ್ಯಾಂಡರ್ಸ್ ಶೇ 30, ವಾರೆನ್ ಶೇ 15.

ಸ್ಯಾಂಡರ್ಸ್ ಬೆಂಬಲಿಗರ ವಾದ ಇಲ್ಲಿಂದಲೇ ಶುರುವಾಗುತ್ತದೆ. ವಾರೆನ್ ಎರಡು ದಿನ ಮೊದಲೇ ಹಿಂದೆ ಸರಿದು ಬೆಂಬಲ ಕೊಟ್ಟಿದ್ದರೆ ಈ ರಾಜ್ಯಗಳು ತಮ್ಮವಾಗುತ್ತಿದ್ದವು ಎಂಬುದು ಅವರ ಲೆಕ್ಕ. ಆ ಕಡೆಯ ಮಧ್ಯಮ ಪಂಥದವರು ಅದನ್ನೇ ಮಾಡಿದ್ದರು. ಸೌತ್ ಕ್ಯಾರೊಲಿನಾದಲ್ಲಿ ಬೈಡನ್ ಗೆದ್ದ ಮರುದಿನ, ಮಾರ್ಚ್ 1ರಂದು, ಬುಟಿಜೆಜ್ ಹಿಂದೆ ಸರಿದರು. ಅದರ ಮರುದಿನ ಕ್ಲೋಬುಶರ್. ಆ ಸಂಜೆಯೇ ಇಬ್ಬರೂ ಡಲ್ಲಾಸ್‌ಗೆ ಬಂದು ಬೈಡನ್‌ಗೆ ಬೆಂಬಲ ಸಾರಿದರು. ಕ್ಲೋಬುಶರ್ ತವರು ಮಿನೆಸೋಟದಲ್ಲಿ ಬೈಡನ್ ಗೆದ್ದದ್ದು ಹೀಗೆ.

ವಾರೆನ್ ಕಡೆಯವರ ಉತ್ತರವೂ ಗಟ್ಟಿಯಾಗಿದೆ. ಅವರ ಮತದಾರರಲ್ಲಿ ಹೆಚ್ಚಿನವರು ಪದವೀಧರರು, ಅದರಲ್ಲೂ ಮಹಿಳೆಯರು. ಸ್ಯಾಂಡರ್ಸ್ ಬಲ ಇದ್ದದ್ದು ಯುವಜನರಲ್ಲಿ, ದುಡಿಯುವ ವರ್ಗದಲ್ಲಿ, ಲ್ಯಾಟಿನೊ ಸಮುದಾಯದಲ್ಲಿ. ವಾರೆನ್ ಬೆಂಬಲಿಗರ ಎರಡನೇ ಆಯ್ಕೆ ಯಾರೆಂದು ಕೇಳಿದ ಸಮೀಕ್ಷೆಗಳಲ್ಲಿ ಸ್ಯಾಂಡರ್ಸ್ ಮುಂದಿದ್ದರೂ ಬೈಡನ್ ತೀರಾ ಹಿಂದೆ ಇರಲಿಲ್ಲ. ಅಂದರೆ 21.4ರಲ್ಲಿ ಅರ್ಧದ ಆಸುಪಾಸು ಮಾತ್ರ ಸ್ಯಾಂಡರ್ಸ್‌ಗೆ ಹೋಗುತ್ತಿತ್ತು, ಉಳಿದದ್ದರಲ್ಲಿ ದೊಡ್ಡ ಪಾಲು ಬೈಡನ್ ಅವರದೇ. ಹಾಗಾಗಿದ್ದರೆ ಮ್ಯಾಸಚೂಸೆಟ್ಸ್ ಯಾರದಾಗುತ್ತಿತ್ತು ಎಂಬುದನ್ನು ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ.

ಪತ್ರಕರ್ತರು ಅಭ್ಯರ್ಥಿಗಳನ್ನು ಎಡ, ಮಧ್ಯ ಎಂದು ಗೆರೆ ಎಳೆದು ಕೂರಿಸುತ್ತಾರೆ. ಮತದಾರ ಆ ಗೆರೆಗಳ ಮೇಲೆ ನಡೆಯುವುದಿಲ್ಲ. ಒಬ್ಬರಲ್ಲಿ ಅವನು ತಯಾರಿ, ಜಾಣ್ಮೆ ನೋಡಿರಬಹುದು. ಆ ಅಭ್ಯರ್ಥಿ ಹೋದಾಗ ಅದೇ ಗುಣವನ್ನು ಬೇರೆ ಪಂಥದವರಲ್ಲಿ ಹುಡುಕುತ್ತಾನೆ. ಕಾಗದದ ಮೇಲೆ ಒಂದೇ ಥರ ಕಾಣುವ ಇಬ್ಬರು ತಮ್ಮೊಂದಿಗೆ ಕರೆತರುವ ಜನ ಬೇರೆ ಬೇರೆ ಎನ್ನುವುದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು.

ವಾರೆನ್ ಮಾರ್ಚ್ 5ರಂದು ಸರಿದರು, ಆಗ ಯಾರಿಗೂ ಬೆಂಬಲ ಹೇಳಲಿಲ್ಲ. ಇನ್ನೊಂದು ನಷ್ಟವೂ ಸದ್ದಿಲ್ಲದೆ ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ವಾರಗಳ ಮೊದಲೇ ಅಂಚೆ ಮತ ಹಾಕಬಹುದು. ಅಲ್ಲಿ ಬುಟಿಜೆಜ್‌ಗೆ ಬಿದ್ದ ಮತಗಳು ಎರಡು ಲಕ್ಷ ದಾಟಿದ್ದವು. ಎಣಿಕೆಯ ಹೊತ್ತಿಗೆ ಅವರು ಕಣದಲ್ಲೇ ಇರಲಿಲ್ಲ.

2008: ದೊಡ್ಡದಾಗಿ ಕಂಡ ಸಣ್ಣ ಭೇದ

ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವೆ ನಿಜವಾದ ಭೇದ ಒಂದೇ ಇತ್ತು. 2002ರಲ್ಲಿ ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ ಕ್ಲಿಂಟನ್ ಸೆನೆಟ್‌ನಲ್ಲಿ ಪರವಾಗಿ ಮತ ಹಾಕಿದ್ದರು. ಒಬಾಮ ಆಗ ಸೆನೆಟ್‌ನಲ್ಲಿರಲಿಲ್ಲ, ಹೊರಗಿನಿಂದ ವಿರೋಧಿಸಿದ್ದರು. ಉಳಿದಂತೆ ಅವರು ತಿಂಗಳುಗಟ್ಟಲೆ ಕಾದಾಡಿದ್ದು ಆರೋಗ್ಯ ವಿಮೆಯ ಒಂದು ಅಂಶಕ್ಕೆ. ಪ್ರತಿಯೊಬ್ಬರೂ ವಿಮೆ ಕೊಳ್ಳಲೇಬೇಕು ಎಂಬ ಕಡ್ಡಾಯ ಇರಬೇಕು ಎಂದು ಕ್ಲಿಂಟನ್, ವಯಸ್ಕರಿಗೆ ಬೇಡ ಎಂದು ಒಬಾಮ. ಗೆದ್ದ ಒಬಾಮ 2010ರಲ್ಲಿ ಸಹಿ ಹಾಕಿದ ಕಾನೂನಿನಲ್ಲಿ ಆ ಕಡ್ಡಾಯ ಇತ್ತು. ಯಾವ ಭೇದವನ್ನು ನೋಡಿ ಎಷ್ಟೋ ಜನ ಮತ ಹಾಕಿದ್ದರೋ ಆ ಭೇದ ಎರಡೇ ವರ್ಷಗಳಲ್ಲಿ ಅಳಿಸಿಹೋಯಿತು.

ಗೆಲುವನ್ನು ನಿರ್ಧರಿಸಿದ್ದು ಬೇರೆಯೇ ಲೆಕ್ಕ. 2008ರ ಫೆಬ್ರುವರಿ 5ರಂದು ಕ್ಲಿಂಟನ್ ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ನ್ಯೂಜೆರ್ಸಿಯನ್ನು 59–48 ಪ್ರತಿನಿಧಿಗಳಿಂದ ಗೆದ್ದರು, ಅಂದರೆ 11 ಹೆಚ್ಚು. ಒಬಾಮ ಅದೇ ದಿನ ಸುಮಾರು 21 ಸಾವಿರ ಜನ ಸೇರಿದ ಐಡಹೊ ರಾಜ್ಯದ ಕಾಕಸ್ ಸಭೆಗಳಲ್ಲಿ (ಬೆಂಬಲಿಗರು ಒಂದೆಡೆ ಸೇರಿ ಅಭ್ಯರ್ಥಿಯನ್ನು ಆರಿಸುವ ಸಭೆಗಳು) 15–3ರಿಂದ ಗೆದ್ದರು, ಅಂದರೆ 12 ಹೆಚ್ಚು. ದೊಡ್ಡ ರಾಜ್ಯದ ಗೆಲುವನ್ನು ಸಣ್ಣ ರಾಜ್ಯದ ಭರ್ಜರಿ ಗೆಲುವು ಅಳಿಸಿಹಾಕಿತು. ಎದುರಾಳಿ ತಲೆಕೆಡಿಸಿಕೊಳ್ಳದ ಊರುಗಳಿಗೂ ಒಬಾಮ ತಂಡ ಕಾರ್ಯಕರ್ತರನ್ನು ಕಳಿಸಿತ್ತು. ಇಬ್ಬರ ಮಾತೂ ಒಂದೇ ಆದಾಗ ನಿಯಮ ಓದಿಕೊಂಡವರು ಮೇಲುಗೈ ಪಡೆಯುತ್ತಾರೆ.

ಚಿಕ್ಕೋಡಿಯಲ್ಲಿ ಹುಟ್ಟಿದವರ ಡೆಟ್ರಾಯಿಟ್ ಗೆಲುವು

ಮತ ಹಂಚಿಹೋಗುವುದು ಏನೆಂದು ಕನ್ನಡಿಗರಿಗೆ ಹತ್ತಿರದಿಂದ ತೋರಿಸುವ ಉದಾಹರಣೆಯೊಂದು ಸಂಸತ್ ಪ್ರೈಮರಿಯಲ್ಲಿದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರ ಆಗಸ್ಟ್‌ನಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿ ಗೆದ್ದರು. ಒಂಬತ್ತು ಮಂದಿ ಕಣದಲ್ಲಿದ್ದರು, ಅವರು ಪಡೆದದ್ದು ಸುಮಾರು ಶೇ 28. ಡೆಟ್ರಾಯಿಟ್‌ನ ಕಪ್ಪು ಸಮುದಾಯದ ಮುಖಂಡರು ಒಮ್ಮತದ ಅಭ್ಯರ್ಥಿಗಾಗಿ ಪ್ರಯತ್ನಿಸಿದ್ದರು, ಆದರೆ ಮತಗಳು ಹಲವರ ನಡುವೆ ಹಂಚಿಹೋದವು. ನಾಲ್ಕರಲ್ಲಿ ಒಂದು ಭಾಗಕ್ಕಿಂತ ಚೂರು ಹೆಚ್ಚು ಮತ ಸಾಕಾಯಿತು. ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. 2024ರ ಪ್ರೈಮರಿಯಲ್ಲಿ ಅವರು ಅರ್ಧಕ್ಕಿಂತ ಹೆಚ್ಚು ಮತ ಪಡೆದೇ ಗೆದ್ದರು. ಒಂದು ಸುತ್ತು, ಒಂದೇ ಮತ, ಕಣದಲ್ಲಿ ಹಲವರು ಎಂದಾದರೆ ಲೆಕ್ಕ ಹೀಗೆಯೇ ಕೂರುತ್ತದೆ.

ಪ್ರಾಶಸ್ತ್ಯದ ಮತ ಪರಿಹಾರವೇ?

ನ್ಯೂಯಾರ್ಕ್ ಮೇಯರ್ ಪ್ರೈಮರಿಯಲ್ಲಿ ಮತದಾರ ಐದು ಹೆಸರುಗಳವರೆಗೆ ಕ್ರಮ ಹಾಕಬಹುದು. ಕೊನೆಯವರು ಹೊರಬಿದ್ದಂತೆ ಅವರ ಮತ ಮುಂದಿನ ಹೆಸರಿಗೆ ದಾಟುತ್ತದೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಹೊಸದಲ್ಲ. ಸಿಬ್ಬಂದಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲಿ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು, 1 ಎಂದು ಯಾರಿಗೂ ಬರೆಯದಿದ್ದರೆ ಮತ ತಿರಸ್ಕೃತ.

ಅಧ್ಯಕ್ಷೀಯ ಪ್ರೈಮರಿಯಲ್ಲೂ ಇದರ ಪ್ರಯೋಗ ಆಗಿದೆ. 2020ರಲ್ಲಿ ಅಲಾಸ್ಕ, ಹವಾಯಿ, ಕ್ಯಾನ್ಸಸ್, ವಯೋಮಿಂಗ್‌ಗಳಲ್ಲಿ ಡೆಮಾಕ್ರಟಿಕ್ ಪಕ್ಷ ಪ್ರಾಶಸ್ತ್ಯದ ಮತ ಬಳಸಿತು. ಕಣದಲ್ಲಿ ಉಳಿದ ಎಲ್ಲರೂ ಶೇ 15 ದಾಟುವವರೆಗೆ ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ತೆಗೆದು ಮತ ದಾಟಿಸಲಾಯಿತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪೋಲಾದಂಥ ಮತ ಇಲ್ಲಿ ಪೋಲಾಗುವುದಿಲ್ಲ. 2028ಕ್ಕೆ ಇದನ್ನು ಇನ್ನಷ್ಟು ರಾಜ್ಯಗಳಿಗೆ ತರಬೇಕೆಂಬ ಒತ್ತಾಯ ಪಕ್ಷದೊಳಗೆ ಇದೆ.

ವಿರೋಧಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಎಣಿಕೆ ನಿಧಾನವಾಗುತ್ತದೆ. 2021ರಲ್ಲಿ ನ್ಯೂಯಾರ್ಕ್ ಚುನಾವಣಾ ಮಂಡಳಿ ಪರೀಕ್ಷೆಗೆಂದು ಸೇರಿಸಿದ್ದ ಸುಮಾರು 1.35 ಲಕ್ಷ ಮತಪತ್ರಗಳನ್ನೂ ಸೇರಿಸಿ ತಪ್ಪು ಫಲಿತಾಂಶ ಪ್ರಕಟಿಸಿ ಹಿಂತೆಗೆದುಕೊಂಡಿತ್ತು. ಐದು ಹೆಸರುಗಳನ್ನು ತೂಗಿ ನೋಡುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಪ್ರೈಮರಿ ನಡೆಸುವುದು ಹೆಚ್ಚಿನ ಕಡೆ ರಾಜ್ಯ ಸರ್ಕಾರಗಳು. ಫ್ಲಾರಿಡಾ, ಟೆನೆಸೀ ಸೇರಿದಂತೆ ಹನ್ನೆರಡಕ್ಕೂ ಹೆಚ್ಚು ರಾಜ್ಯಗಳು ಪ್ರಾಶಸ್ತ್ಯದ ಮತವನ್ನು ನಿಷೇಧಿಸಿವೆ.

ಎರಡನೇ ಮತ ಕೂಡ ಹೇಳಿದಲ್ಲಿಗೆ ಪೂರ್ತಿ ಹೋಗುವುದಿಲ್ಲ. 1969ರ ನಮ್ಮ ರಾಷ್ಟ್ರಪತಿ ಚುನಾವಣೆ ಇದಕ್ಕೆ ಸಾಕ್ಷಿ. ವಿ.ವಿ. ಗಿರಿ ಮತ್ತು ನೀಲಂ ಸಂಜೀವ ರೆಡ್ಡಿ, ಇಬ್ಬರೂ ಕಾಂಗ್ರೆಸ್ ಹಿನ್ನೆಲೆಯವರು. ರೆಡ್ಡಿ ಪಕ್ಷದ ಅಧಿಕೃತ ಅಭ್ಯರ್ಥಿ, ಗಿರಿ ಪಕ್ಷೇತರ. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪನವರು ಕಣದಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ ಸಿ.ಡಿ. ದೇಶಮುಖ್ ಅವರನ್ನು ಬೆಂಬಲಿಸಿದ್ದ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗಾಗಿ ಕೇಳಿದರು. ಆ ಮತಗಳಲ್ಲಿ ಬಹುಪಾಲು ರೆಡ್ಡಿಯವರಿಗೇ ಬಂದವು. ಬಾರದ ಸ್ವಲ್ಪ ಭಾಗ ಸಾಕಾಯಿತು: ಗಿರಿ 4,20,077, ರೆಡ್ಡಿ 4,05,427. ಆ ವರ್ಷವೇ ಕಾಂಗ್ರೆಸ್ ಒಡೆಯಿತು.

ಊರು ಬದಲಾದರೆ ಆಯ್ಕೆಯೂ ಬದಲು

ಹೀಗಿರುವಾಗ ಇಬ್ಬರಲ್ಲಿ ಒಬ್ಬರನ್ನು ಆರಿಸುವವರು ಮೊದಲು ಪ್ರಣಾಳಿಕೆಗಳ ಅಂಕಿ ವ್ಯತ್ಯಾಸವನ್ನು ಬದಿಗಿಟ್ಟು, ಬಹುಮತ ಇಲ್ಲದ ದಿನ ಯಾರು ಏನು ಮಾಡುತ್ತಾರೆ ಎಂದು ಕೇಳುವುದು ಒಳ್ಳೆಯದು. ಪಕ್ಷಕ್ಕೆ ಈವರೆಗೆ ಬಾರದ ಜನರನ್ನು ಯಾರು ಕರೆತರಬಲ್ಲರು ಎಂಬುದು ಎರಡನೇ ಪ್ರಶ್ನೆ. ಮತ ಹಾಕುವ ದಿನ ಹತ್ತಿರ ಬಂದಾಗ ಮಾತ್ರ ಮೂರನೆಯದು: ತನ್ನ ರಾಜ್ಯದಲ್ಲಿ ತನ್ನ ಅಭ್ಯರ್ಥಿ ಶೇ 15 ದಾಟುತ್ತಾರೆಯೇ? ದಾಟುವುದಿಲ್ಲ ಎಂದು ಸ್ಪಷ್ಟವಾದರೆ ಹತ್ತಿರದ ಇನ್ನೊಬ್ಬರಿಗೆ ಮತ ಹಾಕುವುದು ದ್ರೋಹವಲ್ಲ. ದಾಟುವಂತಿದ್ದರೆ ಮಾಧ್ಯಮಗಳು ಮುಂದಿದ್ದಾರೆ ಎಂದವರ ಹಿಂದೆ ಓಡುವ ಅಗತ್ಯವೂ ಇಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಪೌರತ್ವ ಪಡೆದು ನೆಲೆಸಿದ ಕನ್ನಡಿಗ ಮತದಾರರಿಗೂ ನ್ಯೂಜೆರ್ಸಿಯ ಎಡಿಸನ್‌ನವರಿಗೂ ಈ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾ 2020 ಮತ್ತು 2024ರಲ್ಲಿ ಮಾರ್ಚ್ ಮೊದಲ ವಾರವೇ ಮತ ಹಾಕಿತು. ಅಲ್ಲಿನವರಿಗೆ ಮತಪತ್ರದಲ್ಲಿ ಇಬ್ಬರೂ ಇರುತ್ತಾರೆ. ಅಂಚೆಯಲ್ಲಿ ಬಂದ ಆ ಹಾಳೆಯನ್ನು ತುಂಬಿ ಕಳಿಸುವ ಮೊದಲು ಕೊನೆಯ ದಿನದವರೆಗೆ ಇಟ್ಟುಕೊಳ್ಳುವುದು ಜಾಣತನ. ನ್ಯೂಜೆರ್ಸಿಯ ಪ್ರೈಮರಿ ಸಾಮಾನ್ಯವಾಗಿ ಜೂನ್‌ನಲ್ಲಿ. 2020ರ ಏಪ್ರಿಲ್ 8ರಂದು ಸ್ಯಾಂಡರ್ಸ್ ಸ್ಪರ್ಧೆ ನಿಲ್ಲಿಸಿದಾಗ ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಡೆ ಮತದಾನ ಬಾಕಿ ಇತ್ತು. ಸ್ಯಾಂಡರ್ಸೋ ವಾರೆನ್ನೋ ಎಂದು ಯೋಚಿಸುವ ಅವಕಾಶವೇ ಅಲ್ಲಿನವರಿಗೆ ಬರಲಿಲ್ಲ. 2028ರಲ್ಲಿ ಯಾವ ರಾಜ್ಯಗಳು ಮೊದಲು ಮತ ಹಾಕಬೇಕು ಎಂಬುದನ್ನು ಪಕ್ಷದ ಸಮಿತಿಯೊಂದು ತೀರ್ಮಾನಿಸುತ್ತದೆ. ಅಭ್ಯರ್ಥಿಗಳ ಭಾಷಣದಷ್ಟೇ ಆ ಸಮಿತಿಯ ಸಭೆಗಳ ಸುದ್ದಿಯನ್ನೂ ಎಡಿಸನ್‌ನವರು ಈಗಿನಿಂದಲೇ ಗಮನಿಸಬೇಕಾಗಿದೆ.